ಎರಡು ತಿಂಗಳು ಸ್ಕೂಬಾ ಕಲಿಯಲು ಎಲ್ಲಿಗೆ ಹೋಗುವುದು: ಅಂಡಮಾನ್, ಕೊ ತಾವ್, ಬಾಲಿ, ಮಾಲ್ಡೀವ್ಸ್?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ, ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ನಿಮಗೆ ಬಿಡುವಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಒಮ್ಮೆ ಇನ್‌ಸ್ಟ್ರಕ್ಟರ್ ಜೊತೆ ನೀರಿಗೆ ಇಳಿದಿದ್ದೀರಿ, ಆ ಹುಚ್ಚು ಹಿಡಿದಿದೆ. ಮೊದಲ ಕೋರ್ಸ್ ಆದ ಓಪನ್ ವಾಟರ್‌ನಿಂದ ಶುರು ಮಾಡಿ, ಸಾಧ್ಯವಾದರೆ ಡೈವ್‌ಮಾಸ್ಟರ್ (ಬೇರೆ ಡೈವರ್‌ಗಳನ್ನು ಕರೆದೊಯ್ಯುವವರ ಕೋರ್ಸ್) ತನಕ ಹೋಗುವ ಆಸೆ. ಸಸ್ಯಾಹಾರಿ. ಖರ್ಚು ಹಿಡಿತದಲ್ಲಿರಬೇಕು. ಅಂಡಮಾನ್, ಥಾಯ್ಲೆಂಡಿನ ಕೊ ತಾವ್, ಬಾಲಿ, ಮಾಲ್ಡೀವ್ಸ್ ಈ ನಾಲ್ಕರಲ್ಲಿ ಯಾವುದು?

ನಾನಾಗಿದ್ದರೆ ಮೊದಲ ಎರಡು ಮೂರು ವಾರ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಇದ್ದು ಓಪನ್ ವಾಟರ್ ಮತ್ತು ಅದರ ಮುಂದಿನ ಕೋರ್ಸ್ ಅಡ್ವಾನ್ಸ್ಡ್ ಮುಗಿಸುತ್ತಿದ್ದೆ. ಆಮೇಲೂ ಆಸೆ ಹಾಗೇ ಇದ್ದರೆ ಫೆಬ್ರವರಿಯಲ್ಲಿ ಕೊ ತಾವ್‌ಗೆ ಹೋಗುತ್ತಿದ್ದೆ. ಬಾಲಿ ಮತ್ತು ಮಾಲ್ಡೀವ್ಸ್ ಈ ಸಲ ಬೇಡ. ಹ್ಯಾವ್‌ಲಾಕ್, ಕೊ ತಾವ್ ಎರಡರಲ್ಲೂ ನಾನು ಕಲಿತಿದ್ದೇನೆ, ಡೈವ್‌ಮಾಸ್ಟರ್ ಟ್ರೇನಿಂಗ್ ಕೊ ತಾವ್‌ನಲ್ಲೇ ಆಯಿತು. ಹಾಗಾಗಿ ಕಾರಣಗಳನ್ನೂ ಹೇಳುತ್ತೇನೆ.

ನೋಡಲು ಚೆಂದದ ಸಮುದ್ರ ಬೇರೆ, ಕಲಿಯಲು ಒಳ್ಳೆಯ ಸಮುದ್ರ ಬೇರೆ. ಫೋಟೋ ನೋಡಿ ಜಾಗ ಆರಿಸುವವರು ಸಾಮಾನ್ಯವಾಗಿ ಮಾಲ್ಡೀವ್ಸ್‌ಗೋ ಬಾಲಿಯ ಪಕ್ಕದ ನುಸಾ ಪೆನಿಡಾಕ್ಕೋ ಮನಸೋಲುತ್ತಾರೆ. ಮಾಲ್ಡೀವ್ಸ್‌ನಲ್ಲಿ ಹೆಸರುವಾಸಿ ಡೈವ್‌ಗಳು ಇರುವುದು ಹವಳ ದ್ವೀಪಗಳ ನಡುವಿನ ಕಾಲುವೆಗಳಲ್ಲಿ. ಅಲ್ಲಿ ನೀರಿನ ಸೆಳೆತ ಜೋರು. ಶಾರ್ಕ್, ಮಾಂಟಾ ಎಂಬ ದೊಡ್ಡ ತಿರಂಡಿ ಮೀನುಗಳು ಬರುವುದೂ ಆ ಸೆಳೆತಕ್ಕೇ. ನುಸಾ ಪೆನಿಡಾದ ಕೆಲವು ಕಡೆ ನೀರು ಕೆಳಕ್ಕೆ ಎಳೆಯುತ್ತದೆ, ಜೊತೆಗೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಬೈಕ್ ಕಲಿಯುವವರನ್ನು ಮೊದಲ ದಿನವೇ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಕಳಿಸುವುದಿಲ್ಲ, ಅಲ್ವಾ? ಅಲ್ಲಿಗೆಲ್ಲ ಮುಂದೆ, ಕೈಯಲ್ಲಿ ಅನುಭವ ಇಟ್ಟುಕೊಂಡು ಹೋಗಿ. ಆಗ ಆ ಸಮುದ್ರದ ಸುಖವೇ ಬೇರೆ.

ಕಲಿಯುವವರಿಗೆ ಬೇಕಾದದ್ದು ಗಾಳಿ-ಅಲೆಗೆ ಮರೆಯಾದ ಕೊಲ್ಲಿ, ಮರಳಿನ ತಳ, ನಿಧಾನಕ್ಕೆ ಆಳವಾಗುವ ದಂಡೆ. ಇದಕ್ಕೊಂದು ಕಾರಣವಿದೆ. ಮೇಲ್ಮೈಯಲ್ಲಿ ನಮ್ಮ ಮೇಲಿರುವ ಒತ್ತಡ 10 ಮೀಟರ್ ಇಳಿದರೆ ಎರಡರಷ್ಟಾಗುತ್ತದೆ. ಅಂದರೆ ಕಿವಿಯೊಳಗಿನ ಗಾಳಿ, ಬಿಸಿಡಿಯ (ತೇಲಲು, ಮುಳುಗಲು ಗಾಳಿ ತುಂಬಿ ಬಿಡುವ ಜಾಕೆಟ್) ಗಾಳಿ ಎಲ್ಲದರ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಅದೇ 20 ಮೀಟರ್‌ನಿಂದ 30ಕ್ಕೆ ಇಳಿದಾಗ ಗಾತ್ರ ಮೂರನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗಕ್ಕೆ ಬರುತ್ತದೆ, ಅಷ್ಟೇ. ಕಿವಿ ನೋವು, ತಟಕ್ಕನೆ ಮೇಲೇರಿಬಿಡುವುದು, ಮುಳುಗಲು ಒದ್ದಾಡುವುದು, ಹೊಸಬರ ಈ ಕಷ್ಟಗಳೆಲ್ಲ ಹೆಚ್ಚಾಗಿ ಮೊದಲ 10 ಮೀಟರ್‌ನಲ್ಲೇ. ಅಲ್ಲಿ ಎಷ್ಟು ಹೊತ್ತು ಗಡಿಬಿಡಿಯಿಲ್ಲದೆ ಕಳೆಯುತ್ತೀರೋ ಅಷ್ಟು ಒಳ್ಳೆಯ ಡೈವರ್ ಆಗುತ್ತೀರಿ.

ಜಾಗಕ್ಕಿಂತ ಮೊದಲು ತಿಂಗಳು ನೋಡಬೇಕು. ನಿಮ್ಮ ರಜೆ ಜನವರಿಯಿಂದ ಮಾರ್ಚ್. ಬಾಲಿಯಲ್ಲಿ ಆಗ ಮಳೆಗಾಲ. ಅಲ್ಲಿ ಒಣ ಕಾಲ ಏಪ್ರಿಲ್‌ನಿಂದ ಅಕ್ಟೋಬರ್. ಕಲಿಯುವುದಕ್ಕೆ ಬಾಲಿಯ ತುಲಾಂಬೆನ್ ನನಗೆ ತುಂಬಾ ಇಷ್ಟದ ಜಾಗ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಅಮೆರಿಕದ ಲಿಬರ್ಟಿ ಹಡಗನ್ನು ಅಲ್ಲಿನ ದಂಡೆಗೆ ತಂದು ನಿಲ್ಲಿಸಿದ್ದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಸಮುದ್ರಕ್ಕೆ ಜಾರಿತು. ಈಗ ದಂಡೆಯಿಂದ ನಡೆದೇ ನೀರಿಗಿಳಿದು ಆ ಹಡಗನ್ನು ನೋಡಬಹುದು. ಊರಿನ ಹೆಂಗಸರು ತಲೆಯ ಮೇಲೆ ಸಿಲಿಂಡರ್ ಹೊತ್ತು ದಂಡೆಗೆ ತಂದುಕೊಡುತ್ತಾರೆ. ನಿಮ್ಮ ರಜೆ ಜೂನ್-ಜುಲೈ ಆಗಿದ್ದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ.

ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಕೊ ತಾವ್ ಇರುವುದು ಥಾಯ್ಲೆಂಡ್ ಕೊಲ್ಲಿಯಲ್ಲಿ. ಅಲ್ಲಿ ನವೆಂಬರ್-ಡಿಸೆಂಬರ್‌ನಲ್ಲಿ ಈಶಾನ್ಯದ ಮಳೆಗಾಳಿ ಜೋರು, ಜನವರಿಯಲ್ಲೂ ಅದರ ಬಾಲ ಇರುತ್ತದೆ. ಫೆಬ್ರವರಿ ಹೊತ್ತಿಗೆ ಸಮುದ್ರ ಶಾಂತವಾಗುತ್ತಾ ಬರುತ್ತದೆ. ಅದಕ್ಕೇ ಮೊದಲು ಹ್ಯಾವ್‌ಲಾಕ್, ಆಮೇಲೆ ಕೊ ತಾವ್ ಎಂದದ್ದು.

ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು, ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ. ಡೈವಿಂಗ್ ಜನರ ಬಾಯಲ್ಲಿ ಹ್ಯಾವ್‌ಲಾಕ್ ಅಂತಲೇ ಉಳಿದಿದೆ. ಅಲ್ಲಿ ಶುರು ಮಾಡುವುದರ ದೊಡ್ಡ ಲಾಭ ಮಾತು. ಇನ್‌ಸ್ಟ್ರಕ್ಟರ್‌ಗಳಲ್ಲಿ ನಮ್ಮ ದೇಶದವರೇ ಬೇಕಾದಷ್ಟು. ದಕ್ಷಿಣದವರೂ ಸಿಗುತ್ತಾರೆ. ಮೊದಲ ಸಲ ನೀರಿನಡಿಯಲ್ಲಿ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವಾಗ ಹೆದರಿಕೆ ಆಗುತ್ತದೆ. ಆ ಹೆದರಿಕೆಯನ್ನು ಮೇಲೆ ಬಂದು ಸಲೀಸಾದ ಮಾತಿನಲ್ಲಿ ಹೇಳಿಕೊಳ್ಳಲು ಆಗಬೇಕು. ಇದು ಸಣ್ಣ ವಿಷಯ ಅಲ್ಲ. ವೀಸಾ ತಲೆನೋವಿಲ್ಲ, ಊಟದ ಚಿಂತೆಯಿಲ್ಲ. ಎರಡನೇ ನಂಬರ್ ಬೀಚ್‌ನ ನೀಮೋ ರೀಫ್‌ನಲ್ಲಿ ದಂಡೆಯಿಂದಲೇ ನಡೆದು ಇಳಿಯಬಹುದು. ಮೊದಲ ಡೈವ್‌ಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿ ನಾನು ನೋಡಿಲ್ಲ. ಅಡ್ವಾನ್ಸ್ಡ್ ಆದ ಮೇಲೆ ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್‌ನಂಥ ಆಳದ ಜಾಗಗಳಿವೆ. ಮೀನಿನ ಹಿಂಡು ನೋಡಿ ಮಾತೇ ನಿಂತುಹೋಗುತ್ತದೆ. ತೊಂದರೆ ಏನೆಂದರೆ ದುಡ್ಡು. ತಿಂಗಳುಗಟ್ಟಲೆ ಇದ್ದು ದಿನಾ ಡೈವ್ ಮಾಡಲು ಹ್ಯಾವ್‌ಲಾಕ್ ದುಬಾರಿ.

ಕೊ ತಾವ್ ಗೆಲ್ಲುವುದು ಅಲ್ಲಿ. ಅದು ಸುಮಾರು 21 ಚದರ ಕಿಲೋಮೀಟರ್‌ನ ಸಣ್ಣ ದ್ವೀಪ. ಅಲ್ಲಿನ ಬದುಕು ನಡೆಯುವುದೇ ಡೈವಿಂಗ್ ಕಲಿಸುವುದರ ಮೇಲೆ. ಪೈಪೋಟಿ ಹೆಚ್ಚು, ಹಾಗಾಗಿ ಫೀಸ್ ಕಡಿಮೆ. ಕೋರ್ಸ್ ಜೊತೆಗೆ ಉಳಿಯಲು ಡಾರ್ಮ್ ಕೊಡುವ ಸೆಂಟರ್‌ಗಳೂ ಇವೆ. ನಾಂಗ್ ಯುವಾನ್ ದ್ವೀಪದ ಪಕ್ಕದ ಜಪಾನೀಸ್ ಗಾರ್ಡನ್ಸ್, ಟ್ವಿನ್ಸ್‌ನಲ್ಲಿ ಶುರುವಿನ ಪಾಠ. ಆಳಕ್ಕೆ ಚುಂಫಾನ್ ಪಿನಕಲ್. ಹಡಗು ಬೇಕೆಂದರೆ 2011ರಲ್ಲಿ ಬೇಕೆಂದೇ ಮುಳುಗಿಸಿದ ಥಾಯ್ ನೌಕಾಪಡೆಯ ಸತ್ತಕೂಟ್. ಎಲ್ಲವೂ ದೋಣಿಯಲ್ಲಿ ಹತ್ತಿರ. ಬೆಳಿಗ್ಗೆ ಎರಡು ಡೈವ್ ಮುಗಿಸಿ ಮಧ್ಯಾಹ್ನ ಪಾಠಕ್ಕೆ ಕೂರಬಹುದು. ಕೊರತೆಯೂ ಇದೆ: ಜನಜಂಗುಳಿ. ಒಂದೇ ಬಂಡೆಯ ಸುತ್ತ ನಾಲ್ಕೈದು ಗುಂಪು ಸುತ್ತುತ್ತಿರುತ್ತವೆ. ಕಡಿಮೆ ದುಡ್ಡಿಗೆ ಬೇಗ ಬೇಗ ಮುಗಿಸಿ ಕಳಿಸುವ ಸೆಂಟರ್‌ಗಳೂ ಇವೆ. ಆರಿಸುವ ಕೆಲಸ ನಿಮ್ಮದೇ.

ಊಟದ ಬಗ್ಗೆ ಕೇಳಿದ್ದೀರಿ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಸುಮ್ನೆ 'ವೆಜಿಟೇರಿಯನ್' ಎಂದರೆ ಸಾಕಾಗುವುದಿಲ್ಲ, 'ಜೇ' ಎಂದು ಹೇಳಿ. ಮೊಟ್ಟೆ, ಮೀನಿನ ಸಾಸ್ ಯಾವುದೂ ಇಲ್ಲದ ಊಟ ಎಂದು ಅವರಿಗೆ ಗೊತ್ತಾಗುತ್ತದೆ. ಒಂದು ಡಬ್ಬಿ ಚಟ್ನಿಪುಡಿ ಜೊತೆಗಿರಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ದ್ವೀಪಕ್ಕಿಂತ ಇನ್‌ಸ್ಟ್ರಕ್ಟರ್ ದೊಡ್ಡದು. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೆಯದೋ ಎಸ್‌ಎಸ್‌ಐ ಒಳ್ಳೆಯದೋ ಎಂದು ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಎರಡೂ ಕಾರ್ಡ್ ಜಗತ್ತಿನಾದ್ಯಂತ ನಡೆಯುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೆಂಟರ್‌ಗೆ ಮೆಸೇಜ್ ಮಾಡಿ ಒಂದು ಪ್ರಶ್ನೆ ಕೇಳಿ: "ನೀರಿನಡಿಯ ಪಾಠಗಳನ್ನು ಮೊಣಕಾಲೂರಿ ಮಾಡಿಸುತ್ತೀರಾ, ತಳ ಮುಟ್ಟದೆ ತೇಲುತ್ತಾ ಮಾಡಿಸುತ್ತೀರಾ?" ತಳದಲ್ಲಿ ಮಂಡಿಯೂರಿಸಿ ಕಲಿಸುವುದು ಇನ್‌ಸ್ಟ್ರಕ್ಟರ್‌ಗೆ ಸುಲಭ, ಬೇಗ ಮುಗಿಯುತ್ತದೆ. ಹಾಗೆ ಕಲಿತವರಿಗೆ ಕಾರ್ಡ್ ಸಿಗುತ್ತದೆ, ನೀರಿನ ನಡುವೆ ತೇಲಿ ನಿಲ್ಲುವುದು ಬರುವುದಿಲ್ಲ. ಆಮೇಲೆ ಹವಳದ ಮೇಲೆ ಕಾಲಿಗೆ ತೊಟ್ಟ ಫಿನ್ ಬಡಿಯುತ್ತಾ, ಕೈ ಬೀಸುತ್ತಾ, ಗಾಳಿ ಬೇಗ ಖಾಲಿ ಮಾಡುತ್ತಾ ಸುತ್ತುತ್ತಾರೆ. ಅಂಡಮಾನಿನ ಹವಳ 2010ರಲ್ಲಿ ನೀರು ಬಿಸಿಯಾಗಿ ಬೆಳ್ಳಗಾಗಿ ದೊಡ್ಡ ಪೆಟ್ಟು ತಿಂದಿದೆ. ಉಳಿದದ್ದನ್ನು ನಮ್ಮ ಕಾಲಿನಿಂದ ಮುರಿಯಬಾರದು. ತೇಲುತ್ತಾ ಕಲಿಸುವವರು ಒಂದು ದಿನ ಜಾಸ್ತಿ ತೆಗೆದುಕೊಂಡರೂ, ನಾಲ್ಕು ಕಾಸು ಜಾಸ್ತಿ ಕೇಳಿದರೂ ಅವರ ಹತ್ತಿರವೇ ಹೋಗಿ.

ಇದರ ಜೊತೆಗೆ ಕೇಳಬೇಕಾದದ್ದು: ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ನಿಯಮದಲ್ಲಿ 8 ಜನರವರೆಗೆ ಅವಕಾಶವಿದೆ, ನನ್ನ ಪ್ರಕಾರ ನಾಲ್ಕು ದಾಟಿದರೆ ಬೇಡ. ಶುರುವಿನಿಂದ ಕೊನೆಯವರೆಗೆ ಒಬ್ಬರೇ ಕಲಿಸುತ್ತಾರಾ? ದೋಣಿಯಲ್ಲಿ ಆಕ್ಸಿಜನ್ ಇದೆಯಾ, ಹತ್ತಿರದ ರೀಕಂಪ್ರೆಷನ್ ಚೇಂಬರ್ (ಒತ್ತಡದ ಬದಲಾವಣೆಯಿಂದ ಕಾಯಿಲೆಯಾದ ಡೈವರ್‌ಗಳಿಗೆ ಚಿಕಿತ್ಸೆ ಕೊಡುವ ಕೋಣೆ) ಎಲ್ಲಿ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ ಸೆಂಟರ್ ನೋಡಿ.

ಸಮಯದ ಲೆಕ್ಕ ಹೀಗಿದೆ. ಓಪನ್ ವಾಟರ್‌ಗೆ ಮೂರು ನಾಲ್ಕು ದಿನ, ಅದರಲ್ಲಿ ಸಮುದ್ರದಲ್ಲಿ ಕನಿಷ್ಠ ನಾಲ್ಕು ಡೈವ್. ಅದು 18 ಮೀಟರ್‌ವರೆಗೆ. ಅಡ್ವಾನ್ಸ್ಡ್‌ಗೆ ಐದು ಡೈವ್, 30 ಮೀಟರ್‌ವರೆಗೆ. ಎರಡರ ನಡುವೆ ಕೋರ್ಸ್ ಇಲ್ಲದೆ ಸುಮ್ನೆ ಕೆಲವು ದಿನ ಡೈವ್ ಮಾಡಿ. ಕಲಿತದ್ದು ಮೈಗೆ ಹತ್ತುವುದು ಆಗಲೇ. ಆಮೇಲೆ ರೆಸ್ಕ್ಯೂ, ಅಂದರೆ ತೊಂದರೆಯಲ್ಲಿರುವ ಡೈವರ್‌ಗೆ ನೆರವಾಗಲು ಕಲಿಸುವುದು. ನನ್ನ ಕಣ್ಣಲ್ಲಿ ಇಡೀ ಸಾಲಿನಲ್ಲೇ ಬೆಲೆಬಾಳುವ ಕೋರ್ಸ್ ಅದು. ಅಲ್ಲಿಯವರೆಗೆ ನಮ್ಮದೇ ಉಸಿರು, ನಮ್ಮದೇ ಮಾಸ್ಕ್ ಎಂದುಕೊಂಡಿದ್ದವರು ಅಲ್ಲಿಂದ ಜೊತೆಗಿರುವವರನ್ನು ನೋಡಲು ಕಲಿಯುತ್ತಾರೆ. ಡೈವ್‌ಮಾಸ್ಟರ್‌ಗೆ ಪ್ಯಾಡಿಯಲ್ಲಿ ಶುರು ಮಾಡಲು 40 ಡೈವ್, ಮುಗಿಸಲು 60 ಡೈವ್ ದಾಖಲಾಗಿರಬೇಕು. ನಿಮ್ಮ ಎರಡು ತಿಂಗಳಲ್ಲಿ ಆಗುತ್ತದೆ, ಆದರೆ ಬಿಗಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಡೈವಿಂಗ್ ಕೆಲಸದಲ್ಲೇ ಮುಂದುವರಿಯುವ ಯೋಚನೆ ಇಲ್ಲದಿದ್ದರೆ ಡೈವ್‌ಮಾಸ್ಟರ್ ಬೇಡವೇ ಬೇಡ ಅನ್ನಿಸಬಹುದು. ಅದು ಬೇರೆಯವರನ್ನು ಕರೆದುಕೊಂಡು ಹೋಗುವ ಕೆಲಸದ ತರಬೇತಿ. ಸಿಲಿಂಡರ್ ಹೊರುವುದು, ದೋಣಿ ತೊಳೆಯುವುದು, ಗಿರಾಕಿಗಳ ಫಿನ್ ಹುಡುಕಿಕೊಡುವುದು ಎಲ್ಲ ಸೇರಿದೆ. ನನಗೆ ಅದು ಇಷ್ಟವಾಯಿತು. ಎಲ್ಲರಿಗೂ ಆಗುವುದಿಲ್ಲ. ಥಾಯ್ಲೆಂಡಿನಲ್ಲಿ ಕೆಲಸದ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ ಎನ್ನುವುದೂ ನೆನಪಿರಲಿ. ರೆಸ್ಕ್ಯೂ ಮುಗಿಸಿ, ಉಳಿದ ದುಡ್ಡಿನಲ್ಲಿ ಬರೀ ಡೈವ್ ಮಾಡುವುದೂ ಒಳ್ಳೆಯ ದಾರಿ. ಆದ್ದರಿಂದ ಮೊದಲ ಕೋರ್ಸ್‌ನಿಂದ ಡೈವ್‌ಮಾಸ್ಟರ್ ತನಕ ಒಟ್ಟಿಗೆ ಮಾರುವ 'ಝೀರೋ ಟು ಹೀರೋ' ಪ್ಯಾಕೇಜ್‌ಗೆ ಮನೆಯಿಂದಲೇ ಪೂರ್ತಿ ದುಡ್ಡು ಕಟ್ಟಬೇಡಿ.

ಕಿವಿಯ ಬಗ್ಗೆ ಎಚ್ಚರ. ವಾರಗಟ್ಟಲೆ ದಿನಾ ನೀರಲ್ಲಿದ್ದರೆ ಕಿವಿ ಸೋಂಕಾಗಿ ದಿನಗಳು ಹಾಳಾಗುವುದು ಮಾಮೂಲು. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ವಾರಕ್ಕೊಂದು ದಿನ ನೀರಿಗೆ ಇಳಿಯಲೇಬೇಡಿ. ಶೀತ ಇದ್ದಾಗ ಮಾತ್ರೆ ನುಂಗಿ ಇಳಿಯುವುದು ಬೇಡ.

ವಿಮಾನದ ವಿಷಯ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಗಟ್ಟಲೆ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾದು ವಿಮಾನ ಹತ್ತಬೇಕು. ಮೈಯಲ್ಲಿ ಕರಗಿರುವ ನೈಟ್ರೋಜನ್ ಹೊರಗೆ ಹೋಗಲು ಅಷ್ಟು ಸಮಯ ಬೇಕು. ನಮ್ಮವರು ಮರೆಯುವುದು ಇನ್ನೊಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮುರ್ಡೇಶ್ವರದಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಬಸ್ ಹತ್ತಿ ಘಾಟಿ ಏರುವುದಕ್ಕೂ ಇದೇ ಲೆಕ್ಕ ಹಿಡಿಯಿರಿ. ನೇತ್ರಾಣಿಗೆ ಮತ್ತೆ ಹೋದರೆ ಒಂದು ರಾತ್ರಿ ಅಲ್ಲೇ ಉಳಿದು ಬನ್ನಿ.

ಹೊರಡುವ ಮುಂಚೆ ಬೆಂಗಳೂರಿನಲ್ಲೇ ಮುಗಿಸಬೇಕಾದ ಕೆಲಸ ಸ್ವಲ್ಪ ಇದೆ. ಸೆಂಟರ್‌ನಿಂದ ಮೆಡಿಕಲ್ ಫಾರ್ಮ್ ಈಗಲೇ ತರಿಸಿಕೊಳ್ಳಿ. ಆಸ್ತಮಾ, ಬಿಪಿ, ಕಿವಿಯ ತೊಂದರೆ ಏನಾದರೂ ಇದ್ದರೆ ಡಾಕ್ಟರ್ ಸಹಿ ಬೇಕಾಗುತ್ತದೆ. ಇಲ್ಲದಿದ್ದರೂ ಒಮ್ಮೆ ಇಎನ್‌ಟಿ ಡಾಕ್ಟರ್ ಹತ್ತಿರ ಕಿವಿ ತೋರಿಸಿ. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಸ್ಕೂಬಾಕ್ಕೆ ಅನ್ವಯಿಸದೇ ಇರಬಹುದು, ಪಾಲಿಸಿ ಓದಿ, ಬೇಕಿದ್ದರೆ ಡೈವಿಂಗ್‌ಗೆ ಅಂತಲೇ ಬೇರೆ ತೆಗೆದುಕೊಳ್ಳಿ. ಓಪನ್ ವಾಟರ್‌ಗೆ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ವಾರಕ್ಕೆ ಮೂರು ದಿನ ಪೂಲ್‌ಗೆ ಹೋದರೆ ಜನವರಿ ಹೊತ್ತಿಗೆ ಅದು ಸಲೀಸು. ಥಿಯರಿಯನ್ನು ಆನ್‌ಲೈನ್‌ನಲ್ಲಿ ಮನೆಯಲ್ಲೇ ಓದಿ ಮುಗಿಸಿದರೆ ದ್ವೀಪದಲ್ಲಿ ಕ್ಲಾಸ್‌ರೂಮಿನಲ್ಲಿ ಕೂರುವುದು ತಪ್ಪುತ್ತದೆ.

ಸಾಮಾನು ಕೊಳ್ಳುವುದಾದರೆ ಸದ್ಯಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಒಂದೇ ಸಾಕು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಬೀಳದೆ ನಿಲ್ಲಬೇಕು. ರೆಗ್ಯುಲೇಟರ್ (ಸಿಲಿಂಡರ್‌ನಿಂದ ಉಸಿರೆಳೆಯುವ ಸಾಧನ), ಬಿಸಿಡಿ ಎಲ್ಲ ಸೆಂಟರ್‌ನಲ್ಲಿ ಸಿಗುತ್ತವೆ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಕೊಳ್ಳುವ ಯೋಚನೆ ಅಡ್ವಾನ್ಸ್ಡ್ ಆದ ಮೇಲೆ ಮಾಡಿ. ಹ್ಯಾವ್‌ಲಾಕ್‌ನ ಎರಡು ಮೂರು ಸೆಂಟರ್‌ಗಳಿಗೆ ಇವತ್ತೇ ಆ ಮೊಣಕಾಲಿನ ಪ್ರಶ್ನೆ ಕಳಿಸಿ. ಜನವರಿಯಲ್ಲಿ ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳ ದಿನಗಳು ಬೇಗ ತುಂಬಿಹೋಗುತ್ತವೆ.