ನಿವೃತ್ತಿಗೆ ಶಿರಸಿಯೋ, ಸಿದ್ದಾಪುರವೋ, ಯಲ್ಲಾಪುರವೋ?

ಪ್ರಶ್ನೆ: ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ ಮುಗಿಸಿದ್ದೇನೆ. ವಯಸ್ಸು 62, ಮೂರು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ಘಟ್ಟದ ಮೇಲೆ ಸಣ್ಣ ಊರಲ್ಲಿ ನಾವಿಬ್ಬರೂ ನೆಲೆಸಬೇಕೆಂದಿದೆ. ಮನೆಯವಳಿಗೆ ಜೋಗದ ಸೆರಗಿನ ಸಿದ್ದಾಪುರ ಇಷ್ಟ, ನನಗೆ ಯಲ್ಲಾಪುರ, ನೆಂಟರೆಲ್ಲ ಶಿರಸಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಮೂರೂ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 550–600 ಮೀಟರ್ ಎತ್ತರದಲ್ಲಿವೆ. ಡಿಸೆಂಬರಿನ ಚಳಿ, ಏಪ್ರಿಲಿನ ಸೆಕೆ ಮೂರರಲ್ಲೂ ಒಂದೇ. ಜಲಪಾತ, ಕಾಡು ಯಾವ ಊರಿಗೂ ಕಡಿಮೆಯಿಲ್ಲ. ಅದನ್ನು ನೋಡಿ ಆರಿಸಹೊರಟರೆ ತೀರ್ಮಾನಕ್ಕೆ ಬರಲಾಗದು. ನಿಮ್ಮ ಎದೆಯಲ್ಲಿ ಸ್ಟೆಂಟ್ ಇರುವುದರಿಂದ ಮೊದಲು ಕೇಳಬೇಕಾದ್ದು ಇಷ್ಟೇ: ಜುಲೈ ತಿಂಗಳ ನಡುರಾತ್ರಿ ಎದೆನೋವು ಬಂದರೆ ಯಾವ ದಾರಿಯಲ್ಲಿ, ಎಷ್ಟು ತಾಸಿನಲ್ಲಿ, ಎಲ್ಲಿಗೆ ಮುಟ್ಟುತ್ತೀರಿ?

ಉತ್ತರ ಕನ್ನಡದಲ್ಲಿ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ 2022ರಲ್ಲಿ ದೊಡ್ಡ ಹೋರಾಟವನ್ನೇ ಮಾಡಿದರು. ಗಂಭೀರ ಕಾಯಿಲೆಗೆ ಇಲ್ಲಿಯವರು ಹಿಡಿಯುವುದು ಹುಬ್ಬಳ್ಳಿ–ಧಾರವಾಡ ಅಥವಾ ಮಣಿಪಾಲದ ದಾರಿ. ಯಲ್ಲಾಪುರದಿಂದ ಹುಬ್ಬಳ್ಳಿ ಸುಮಾರು 70 ಕಿ.ಮೀ., ರಾಷ್ಟ್ರೀಯ ಹೆದ್ದಾರಿ, ನಡುವೆ ಘಟ್ಟ ಇಳಿಯುವ ಕೆಲಸವಿಲ್ಲ. ಕುಸಿತಕ್ಕೆ ಹೆಸರಾದ ಅರಬೈಲ್ ಘಟ್ಟ ಅಂಕೋಲಾ ಕಡೆಗಿದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಎರಡೂವರೆ ತಾಸು ಹಿಡಿಯಿರಿ. ಸಿದ್ದಾಪುರದವರು ಶಿರಸಿಗೆ ಬರಲಿಕ್ಕೇ ಇನ್ನೊಂದು 35–40 ಕಿ.ಮೀ. ಸಾಗಬೇಕು, ಇಲ್ಲವೇ ಸಾಗರದ ಮೇಲೆ ಶಿವಮೊಗ್ಗದ ದಾರಿ ಹಿಡಿಯಬೇಕು. ಅವರಿಗಿರುವ ಒಂದು ಅನುಕೂಲವೆಂದರೆ ಹತ್ತಿರದ ತಾಳಗುಪ್ಪದಿಂದ ಬೆಂಗಳೂರಿಗೆ ನೇರ ರೈಲು. ಶಿರಸಿಗೂ ಯಲ್ಲಾಪುರಕ್ಕೂ ಇವತ್ತಿಗೂ ರೈಲಿಲ್ಲ.

ದೂರ ಒಂದನ್ನೇ ನೋಡಿದರೆ ಯಲ್ಲಾಪುರ ಗೆಲ್ಲುತ್ತದೆ. ಆದರೂ ನಿಮಗೆ ನಾವು ಹೇಳುವುದು ಶಿರಸಿ ಪೇಟೆ. ಹೃದಯಾಘಾತವಾದವರು ಮೊದಲ ವೈದ್ಯರ ಕೈಗೆ ಸಿಕ್ಕ ಎರಡು ತಾಸಿನೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲವಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ಮುಂದೆ ಕಳಿಸುವುದು ವೈದ್ಯಕೀಯ ಕ್ರಮ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚುಚ್ಚುಮದ್ದು ಉಚಿತ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೋ, ಇಸಿಜಿ ತೆಗೆದು ಓದಬಲ್ಲ ಖಾಸಗಿ ವೈದ್ಯರ ಬಳಿಗೋ ಆಟೋದಲ್ಲಿ ಹತ್ತು ನಿಮಿಷಕ್ಕೆ ಮುಟ್ಟುವುದು, 70 ಕಿ.ಮೀ. ದೂರದ ದೊಡ್ಡ ಆಸ್ಪತ್ರೆಗಿಂತ ಆ ರಾತ್ರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಮನೆ ಹಿಡಿಯುವ ಮುಂಚೆ ಆಸ್ಪತ್ರೆಗೆ ಹೋಗಿ, ಆ ಚುಚ್ಚುಮದ್ದು ದಾಸ್ತಾನಿದೆಯೇ, ರಾತ್ರಿ ಪಾಳಿಯಲ್ಲಿ ಕೊಡುವವರಿದ್ದಾರೆಯೇ ಎಂದು ನೇರವಾಗಿ ಕೇಳಿ. ಸ್ಟೆಂಟಿನ ಕಾಗದಪತ್ರ, ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು ಒಂದೇ ಕಡತದಲ್ಲಿ ಬಾಗಿಲ ಹತ್ತಿರ ಇರಲಿ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಈ ಮದ್ದು ಕೊಡುವಂತಿಲ್ಲ, ವೈದ್ಯರಿಗೆ ಅದು ತಕ್ಷಣ ತಿಳಿಯಬೇಕು. ಪ್ರತಿ ತಿಂಗಳೂ ಹುಬ್ಬಳ್ಳಿಯ ತಜ್ಞರನ್ನು ಕಾಣಲೇಬೇಕಾದವರಾದರೆ ಮಾತು ಬೇರೆ, ಅಂಥವರಿಗೆ ಯಲ್ಲಾಪುರವೇ ಸುಲಭ.

ಶಿರಸಿಯಲ್ಲೂ ಊರಿನ ಪೂರ್ವದ ಬದಿ, ಬನವಾಸಿ ಅಥವಾ ಹುಬ್ಬಳ್ಳಿ ರಸ್ತೆಯ ಕಡೆ ನೋಡಿ. ಇಲ್ಲಿ ಪಡುವಣದಿಂದ ಮೂಡಣಕ್ಕೆ ಹೋದಂತೆ ಮಳೆ ಬೇಗ ಕಡಿಮೆಯಾಗುತ್ತದೆ. ಶಿರಸಿಗೆ ವರ್ಷಕ್ಕೆ 2,500 ಮಿ.ಮೀ. ಆಸುಪಾಸು, ಸಿದ್ದಾಪುರಕ್ಕೆ ಅದಕ್ಕಿಂತ ಹೆಚ್ಚು, ಮೂಡಣದ ಮುಂಡಗೋಡಿಗೆ ಶಿರಸಿಯ ಅರ್ಧದಷ್ಟು. ಘಟ್ಟದ ಅಂಚಿನ ಹಳ್ಳಿಗಳಲ್ಲಿ ಜುಲೈನಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಕರೆಂಟು ಹೋದರೆ ತಂತಿ ಮೇಲೆ ಬಿದ್ದ ಮರ ತೆಗೆಯುವ ತನಕ ಬಾರದು, ಮೊಬೈಲ್ ಟವರೂ ಅದರ ಜೊತೆಗೇ ಮಲಗುತ್ತದೆ. ಹಾಗಾಗಿ ಜಾಗ ಕೊಳ್ಳುವ ಮೊದಲು ಮೇ ನಡುವಿನಿಂದ ಸೆಪ್ಟೆಂಬರ್ ಕೊನೆಯ ತನಕ ಬಾಡಿಗೆ ಮನೆಯಲ್ಲಿರಿ. ನವೆಂಬರಿನಲ್ಲಿ ನೋಡಿ ಮೆಚ್ಚಿದವರೇ ಎರಡನೇ ಮಳೆಗಾಲಕ್ಕೆ ಮಾರಲು ಹೊರಡುವುದು.

ಪ್ರಶ್ನೆ: ಸಿದ್ದಾಪುರ ತಾಲೂಕಿನಲ್ಲಿ 20 ಗುಂಟೆ ಅಡಿಕೆ ತೋಟ, ಜೊತೆಗೆ ನಾಲ್ಕು ಎಕರೆ ಬೆಟ್ಟ ಮಾರಾಟಕ್ಕಿದೆ. ಬೆಟ್ಟದ ನೆತ್ತಿಯಲ್ಲಿ ಮನೆ ಕಟ್ಟಬಹುದು ಎನ್ನುತ್ತಾರೆ. ನಾವು ಕೃಷಿಕರಲ್ಲ. ಕೊಳ್ಳಬಹುದೇ?

ಉತ್ತರ: ತೋಟ ಕೊಳ್ಳಬಹುದು. ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾಗಿವೆ. ಬೆಟ್ಟದ ಮಾತಿಗೆ ಮಾತ್ರ ಮರುಳಾಗಬೇಡಿ. ಸೊಪ್ಪಿನ ಬೆಟ್ಟವೆಂದರೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಲು ತೋಟಿಗರಿಗೆ ಬಿಟ್ಟ ಅರಣ್ಯ. ಈ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟಿದ್ದಾರೆ. ಅದು ಅನುಭೋಗದ ಸವಲತ್ತು, ಮಾಲ್ಕಿಯಲ್ಲ. ಅಲ್ಲಿ ಮನೆ ಕಟ್ಟುವಂತಿಲ್ಲ, ಅದಕ್ಕೆ ಬೆಲೆ ಕಟ್ಟಿ ಕೊಡುವುದೂ ತಪ್ಪು.

ಇನ್ನೊಂದು ಬಲೆ ಅತಿಕ್ರಮಣ ಜಾಗ. ‘ಅರ್ಜಿ ಹಾಕಿದ್ದೇವೆ, ಪಟ್ಟಾ ಬರುತ್ತದೆ’ ಎಂದು ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳುತ್ತಾರೆ. ಆ ಕಾಯ್ದೆಯಡಿ ಬಂದ ಹಕ್ಕು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಬಾಂಡ್ ಕಾಗದದ ಮೇಲೆ ಬರೆಸಿಕೊಂಡ ದುಡ್ಡು ಹೋದಂತೆಯೇ.

ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರೊಂದೇ ಇದೆಯೇ, ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರೂ ಸೇರಿದೆಯೇ ನೋಡಿ. ಹಿಸ್ಸೆಯಾಗದ, ಅಂದರೆ ಪಾಲಾಗದ ತೋಟ ಇಲ್ಲಿ ತುಂಬ. 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಬೋಜಾ (ಹೊರೆ) ಇದ್ದರೆ ಸಾಲ ತೀರಿಸಿ ಆ ನಮೂದನ್ನು ತೆಗೆಸಿದ ಮೇಲೆಯೇ ಮುಂಗಡ. ಕಳೆದ 30 ವರ್ಷದ ಋಣಭಾರ ಪತ್ರ ತೆಗೆಸಿ. ಸರ್ವೆಯವರನ್ನು ಕರೆಸಿ ಗಡಿ ಕಲ್ಲು ತೋರಿಸಿಕೊಳ್ಳಿ. ಮನೆಗೆ ಹೋಗುವ ದಾರಿ ಯಾರ ಸರ್ವೆ ನಂಬರಿನಲ್ಲಿದೆ ಎನ್ನುವುದನ್ನೂ ಆ ದಿನವೇ ಕೇಳಿ. ಬೇರೆಯವರ ತೋಟದ ನಡುವಿನ ದಾರಿಯಾದರೆ ಹಕ್ಕು ಕ್ರಯಪತ್ರದಲ್ಲಿ ಬರಬೇಕು, ಬಾಯಿಮಾತು ಮುಂದಿನ ತಲೆಮಾರಿಗೆ ನಿಲ್ಲುವುದಿಲ್ಲ.

ನೀರನ್ನು ಮೇ ಎರಡನೇ ವಾರದ ನಂತರವೇ ಪರೀಕ್ಷಿಸಿ. ಕೆಂಪುಕಲ್ಲಿನ ನೆಲ ಮಳೆನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಕೆಳಗೆ ಬಿಡುತ್ತದೆ. ಸಂಜೆ ಪಂಪಿನಿಂದ ಬಾವಿ ಬರಿದು ಮಾಡಿ, ಬೆಳಿಗ್ಗೆ ಎಷ್ಟು ಏರಿದೆ ಅಳೆಯಿರಿ. 6 ಅಡಿ ಅಗಲದ ದುಂಡು ಬಾವಿಯಲ್ಲಿ 1 ಅಡಿ ನೀರೆಂದರೆ ಸುಮಾರು 800 ಲೀಟರ್. ಇಬ್ಬರಿಗೆ ದಿನಕ್ಕೆ 300 ಲೀಟರ್ ಸಾಕು. ತೋಟಕ್ಕೂ ಅದೇ ಬಾವಿಯಾದರೆ ಸಾಲದು.

ಮನೆಯ ಹಿಂದೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದಿದ್ದರೆ ಅದರ ಎತ್ತರದಷ್ಟಾದರೂ ದೂರ ಗೋಡೆಗೂ ಧರೆಗೂ ನಡುವೆ ಬೇಕು. ಧರೆಯ ನೆತ್ತಿಯಲ್ಲಿ ಬಿರುಕು, ಒಂದೇ ಕಡೆ ವಾಲಿದ ಮರಗಳು, ಹೊಸದಾಗಿ ಒಸರುವ ಕೆಸರು ನೀರು ಕಂಡರೆ ಆ ಜಾಗ ಬಿಟ್ಟುಬಿಡಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದಾಗ ಮನೆ, ತೋಟ, ರಸ್ತೆ ಎಲ್ಲ ಒಟ್ಟಿಗೇ ಹೋದವು.

ಪ್ರಶ್ನೆ: ಮಂಗನ ಕಾಯಿಲೆಯ ಹೆದರಿಕೆಯಿಂದ ಮಕ್ಕಳು ಸಿದ್ದಾಪುರ ಬೇಡ ಎನ್ನುತ್ತಿದ್ದಾರೆ. ನಿಜಕ್ಕೂ ಅಷ್ಟು ಅಪಾಯವೇ?

ಉತ್ತರ: ಮಕ್ಕಳ ಹೆದರಿಕೆ ಸುಳ್ಳಲ್ಲ, ಆ ತಾಲೂಕಿನಲ್ಲಿ ಸಾವುಗಳಾಗಿವೆ. ಪೇಟೆಯೊಳಗೆ ಇರುವವರಿಗೆ ಅಪಾಯ ಕಡಿಮೆ, ಕಾಡಿನಂಚಿನ ಮನೆಯವರಿಗೆ ಹೆಚ್ಚು. ಡಿಸೆಂಬರಿನಿಂದ ಮೇವರೆಗೆ ಈ ಕಾಯಿಲೆ ಹರಡುವ ಉಣುಗಿನ (ಉಣ್ಣೆ ಹುಳದ) ಕಾಲ. ಹಳೆಯ ಲಸಿಕೆಯನ್ನು ನಿಲ್ಲಿಸಿರುವುದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಆ ತಿಂಗಳುಗಳಲ್ಲಿ ದರಕು ಗುಡಿಸಲು, ಸೌದೆ ತರಲು ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸಾಬೂನು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿಬಂದ ಮೂರರಿಂದ ಎಂಟು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿಗೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಶಿರಸಿ ಹತ್ತಿರ ಹಳೆಯ ಹಂಚಿನ ಮನೆ ಸಿಕ್ಕಿದೆ. ನನಗೆ ಮಂಡಿನೋವು, ಯಜಮಾನರಿಗೆ ದಮ್ಮು. ಮಳೆಗಾಲಕ್ಕೆ ಏನು ಸಿದ್ಧತೆ ಬೇಕು?

ಉತ್ತರ: ಬಚ್ಚಲುಮನೆ, ಪಾಯಖಾನೆ ಹೊರಗಿದ್ದರೆ ಮೊದಲ ಖರ್ಚು ಅವನ್ನು ಒಳಗೆ ತರುವುದಕ್ಕೆ. ಮಲೆನಾಡಿನ ಮಳೆಗಾಲದಲ್ಲಿ ವಯಸ್ಸಾದವರು ಸೊಂಟ ಮುರಿದುಕೊಳ್ಳುವುದು ಅಂಗಳದ ಹಾವಸೆಯ ಮೇಲೆ. ಜೂನ್ ಮೊದಲು ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ, 10 ಲೀಟರ್ ನೀರಿಗೆ ಎರಡು ಹಿಡಿ ಬ್ಲೀಚಿಂಗ್ ಪುಡಿ ಕದಡಿ ಅಂಗಳಕ್ಕೆ ಹಾಕಿ, ಅರ್ಧ ತಾಸು ಬಿಟ್ಟು ಗಟ್ಟಿ ಪೊರಕೆಯಿಂದ ಉಜ್ಜಿ. ಅದರ ಜೊತೆ ಆ್ಯಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಉಜ್ಜುವ ಹೊತ್ತಿಗೆ ಯಜಮಾನರು ಒಳಗಿರಲಿ. ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿದರೆ ಕಾಲು ಜಾರುವುದಿಲ್ಲ, ಕೊಳೆತಂತೆ ಬದಲಿಸಬೇಕು.

ದಮ್ಮಿಗೆ ಬೂಸ್ಟೇ ಶತ್ರು. ಮಂಚ, ಕಪಾಟನ್ನು ಪಡುವಣ ಗೋಡೆಯಿಂದ ಒಂದು ಗೇಣು ಈಚೆ ಇಡಿ. ಎರಚಲು ಹೊಡೆಯುವುದು ಆ ಗೋಡೆಗೇ. ಹಾಸಿಗೆಯಾಗಿ ಹತ್ತಿಯ ಗಾದಿ ಬೇಡ, ಮಳೆಗಾಲದಲ್ಲಿ ಒಣಗಿಸಲಾಗದು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರಡಬೇಡಿ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ. ಆದರೆ ಆ ಒಲೆಯ ಹೊಗೆ ಒಳಗೆ ಸುತ್ತದಂತೆ ಚಿಮಣಿ ಹಾಕಿಸಿದ ಮೇಲೆಯೇ ಬೆಂಕಿ ಹಾಕಿ.