ಶಕುನಿ ಇಲ್ಲದಿದ್ದರೆ ಇನ್ನೊಬ್ಬನನ್ನು ಹುಡುಕುತ್ತಿದ್ದ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಧಾರವಾಡದ ಕಾಲೇಜು ಹುಡುಗರು ಆಡಿದ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಬಗ್ಗೆ ಬರೆಯುತ್ತಾ ‘ಅವನ ನಾಶಕ್ಕೆ ಅವನೇ ಕಾರಣ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಇದು ಅನ್ಯಾಯ. ಮೂವರು ಮಾಟಗಾತಿಯರು ಎದುರಾಗದಿದ್ದರೆ, ಹೆಂಡತಿ ಬೆನ್ನು ಹತ್ತದಿದ್ದರೆ, ಆತ ದೊರೆ ಡಂಕನ್‌ನನ್ನು ಕೊಂದು ಪಟ್ಟವೇರದೆ, ಅವನಿಗೆ ನಿಷ್ಠನಾದ ಸೇನಾಪತಿಯಾಗಿಯೇ ಸಾಯುತ್ತಿದ್ದ. ನಮ್ಮ ದುರ್ಯೋಧನನೂ ಹಾಗೆಯೇ. ಶಕುನಿ ಇಲ್ಲದಿದ್ದರೆ ಕುರುಕ್ಷೇತ್ರ ಎಲ್ಲಿತ್ತು? ‘ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ’ (ಧರ್ಮ ಗೊತ್ತು, ಅದರಂತೆ ನಡೆಯುವ ಮನಸ್ಸಿಲ್ಲ) ಎಂದು ಅವನೇ ಹೇಳಿಲ್ಲವೇ? ಸಹವಾಸ ದೋಷ ಅನ್ನುವುದು ಸುಳ್ಳೇ? ಲೇಡಿ ಮ್ಯಾಕ್‌ಬೆತ್‌ಗೆ ಈ ಪಾಪದಲ್ಲಿ ಪಾಲೇ ಇಲ್ಲವೇ?
– ನಿವೃತ್ತ ಹೈಸ್ಕೂಲ್ ಶಿಕ್ಷಕರು, ಬೆಟಗೇರಿ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ: ಮಾಸ್ತರರೇ, ನಮಸ್ಕಾರ. ಇಂಥ ಪತ್ರ ಈಗ ಬರುವುದೇ ಕಡಿಮೆ. ನಮ್ಮ ಟಪಾಲಿನಲ್ಲಿ ಜಾಸ್ತಿ ಇರುವುದು ಸಂಚಿಕೆ ತಡವಾಗಿ ಬಂತು, ಪದಬಂಧದ ಉತ್ತರ ತಪ್ಪಾಗಿದೆ ಅನ್ನುವ ದೂರುಗಳು. ನೀವು ಒಂದು ನಾಟಕದ ಸಲುವಾಗಿ ಜಗಳಕ್ಕೆ ಬಂದಿದ್ದೀರಿ. ಖುಷಿಯಾಯಿತು. ಅದಕ್ಕೇ ಬೇರೆಯವರ ಪತ್ರಗಳನ್ನು ಪಕ್ಕಕ್ಕಿಟ್ಟು ಈ ಸಲದ ಜಾಗವನ್ನೆಲ್ಲ ನಿಮಗೇ ಕೊಟ್ಟಿದ್ದೇನೆ.

ನಿಮಗೆ ಸಲ್ಲಬೇಕಾದದ್ದನ್ನು ಮೊದಲೇ ಕೊಟ್ಟುಬಿಡುತ್ತೇನೆ. ಮೊದಲ ಅಂಕದ ಕೊನೆಗೆ ಮ್ಯಾಕ್‌ಬೆತ್ ಹೆಂಡತಿಗೆ ‘ಈ ವಿಚಾರ ಇಲ್ಲಿಗೇ ಬಿಡೋಣ’ ಅನ್ನುತ್ತಾನೆ. ಅವಳು ಅವನ ಗಂಡಸುತನವನ್ನೇ ಹಂಗಿಸುತ್ತಾಳೆ. ದೃಶ್ಯ ಮುಗಿಯುವಷ್ಟರಲ್ಲಿ ಆತ ಒಪ್ಪಿಕೊಂಡಿರುತ್ತಾನೆ. ಆ ರಾತ್ರಿ ಅವಳು ಸುಮ್ನೆ ಮಲಗಿದ್ದರೆ ದೊರೆ ಡಂಕನ್ ಬೆಳಗ್ಗೆ ಎದ್ದು ತನ್ನ ದಾರಿ ಹಿಡಿಯುತ್ತಿದ್ದನೋ ಏನೋ. ಸಹವಾಸ ದೋಷವೂ ಸುಳ್ಳಲ್ಲ. ಒಪ್ಪಿದೆ. ಆದರೆ ನನ್ನ ಕೈಯಿಂದ ನಿಮಗೆ ಸಿಗುವುದು ಇಷ್ಟೇ.

ಮಾಟಗಾತಿಯರು ಹೇಳಿದ್ದಾದರೂ ಏನು? ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ದೊರೆಯಾಗುವವನು. ಗ್ಲಾಮಿಸ್ ಅವನದೇ ಆಗಿತ್ತು. ಕಾಡರ್ ಪದವಿಯನ್ನು ದೊರೆ ಆಗಲೇ ಕೊಟ್ಟಾಗಿತ್ತು, ಸುದ್ದಿ ಮುಟ್ಟಿರಲಿಲ್ಲ ಅಷ್ಟೇ. ಮೂರನೆಯದು ಮುಂದಿನ ಮಾತು. ಈ ಮೂರರಲ್ಲಿ ‘ಕೊಲ್ಲು’ ಅನ್ನುವ ಶಬ್ದ ಎಲ್ಲಿದೆ? ತೋರಿಸಿ ನೋಡೋಣ. ಆ ಶಬ್ದ ಹುಟ್ಟಿದ್ದು ಅವನ ತಲೆಯಲ್ಲಿ. ಕಾಡರ್ ಸುದ್ದಿ ಬಂದ ಗಳಿಗೆಯಲ್ಲೇ, ಹೆಂಡತಿಯ ಮುಖ ನೋಡುವುದಕ್ಕೂ ಮೊದಲೇ, ಕೊಲೆಯ ಯೋಚನೆಗೆ ಅವನ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ದೊರೆ ನನ್ನ ರಕ್ತಸಂಬಂಧಿ, ನನ್ನ ಮನೆಗೆ ಬಂದ ಅತಿಥಿ, ಒಳ್ಳೆಯ ಮನುಷ್ಯ. ಹೀಗೆ ಒಂದೊಂದನ್ನೂ ಹೇಳಿಕೊಂಡು, ನನ್ನನ್ನು ಮುಂದಕ್ಕೆ ತಿವಿಯುವುದು ನನ್ನ ಮಹತ್ವಾಕಾಂಕ್ಷೆ ಒಂದೇ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ಅಪರಾಧಿ ತಾನಾಗಿ ಹೇಳಿಕೆ ಕೊಟ್ಟ ಮೇಲೂ ವಕಾಲತ್ತಿಗೆ ನೀವು ಎದ್ದು ನಿಂತಿದ್ದೀರಿ!

ಇನ್ನು ಬ್ಯಾಂಕೊ, ಮ್ಯಾಕ್‌ಬೆತ್‌ನ ಗೆಳೆಯ. ಈ ನಾಟಕದ ಬಗ್ಗೆ ವಾದ ಮಾಡುವವರೆಲ್ಲ ಮರೆಯುವ ಮನುಷ್ಯ. ಅದೇ ಬಯಲು, ಅದೇ ಮೂವರು, ಅದೇ ಹೊತ್ತು. ಅವನಿಗೂ ಭವಿಷ್ಯ ಹೇಳಿದರು: ನೀನು ದೊರೆಯಾಗುವುದಿಲ್ಲ, ನಿನ್ನ ವಂಶದವರು ಆಗುತ್ತಾರೆ. ಅವನಿಗೆ ಆಸೆ ಹುಟ್ಟಲಿಲ್ಲವೇ? ಹುಟ್ಟಿತು. ರಾತ್ರಿ ನಿದ್ದೆಯಲ್ಲಿ ಕೆಟ್ಟ ಯೋಚನೆಗಳು ಬರುತ್ತವೆ, ತಡೆಯಪ್ಪಾ ದೇವರೇ ಅಂತ ಬೇಡಿಕೊಳ್ಳುತ್ತಾನೆ. ಕತ್ತಲೆಯ ಶಕ್ತಿಗಳು ಸಣ್ಣ ಸತ್ಯ ಹೇಳಿ ನಂಬಿಸಿ ದೊಡ್ಡದರಲ್ಲಿ ಮೋಸ ಮಾಡುತ್ತವೆ ಅಂತ ಗೆಳೆಯನನ್ನೂ ಎಚ್ಚರಿಸುತ್ತಾನೆ. ಇಬ್ಬರಿಗೂ ಒಂದೇ ಸಹವಾಸ. ಒಬ್ಬ ದೇವರನ್ನು ಬೇಡಿಕೊಂಡ, ಇನ್ನೊಬ್ಬ ಚೂರಿ ಹಿಡಿದ. ಬರೀ ಸಹವಾಸ ಕೆಡಿಸಿದ್ದೇ ನಿಜವಾದರೆ ಬ್ಯಾಂಕೊ ಹೇಗೆ ಕೆಡದೆ ಉಳಿದ?

ಹೆಂಡತಿಯ ವಿಷಯಕ್ಕೂ ಬರುತ್ತೇನೆ. ಡಂಕನ್ ಕೊಲೆಯಲ್ಲಿ ಅವಳಿದ್ದಳು, ಸರಿ. ಬ್ಯಾಂಕೊನನ್ನು ಕೊಲ್ಲಿಸುವಾಗ? ಅವಳಿಗೆ ಅವನು ಹೇಳಲೇ ಇಲ್ಲ. ‘ನಿನಗೆ ಗೊತ್ತಿಲ್ಲದಿರುವುದೇ ಒಳ್ಳೆಯದು’ ಅಂದುಬಿಟ್ಟ. ತನಗೆ ಎದುರು ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದಾಗ ಅವಳು ಹತ್ತಿರದಲ್ಲೂ ಇರಲಿಲ್ಲ. ಇನ್ನೊಂದು ಗಮನಿಸಿ. ಮೊದಲ ಸಲ ಮಾಟಗಾತಿಯರು ಅವನಿಗೆ ಎದುರಾದರು. ಎರಡನೇ ಸಲ ಅವನೇ ಅವರನ್ನು ಹುಡುಕಿಕೊಂಡು ಹೋದ.

ಶೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದು ಹಾಲಿನ್‌ಶೆಡ್‌ನ ಇತಿಹಾಸದ ಪುಸ್ತಕದಿಂದ. ಅಲ್ಲಿ ಕೊಲೆಯ ಸಂಚಿನಲ್ಲಿ ಗೆಳೆಯರೂ ಇದ್ದಾರೆ, ಬ್ಯಾಂಕೊ ಅವರಲ್ಲಿ ಮುಖ್ಯ. ಡಂಕನ್ ತನ್ನ ಮಗನನ್ನೇ ಮುಂದಿನ ದೊರೆ ಮಾಡಹೊರಟ ಅನ್ನುವ ತಕರಾರೂ ಅಲ್ಲಿ ಮ್ಯಾಕ್‌ಬೆತ್‌ಗೆ ದೊಡ್ಡದಾಗಿಯೇ ಇದೆ. ನಿಜವಾದ ಇತಿಹಾಸವಂತೂ ಇನ್ನೂ ಸಪ್ಪೆ. 1040ರಲ್ಲಿ ಡಂಕನ್ ಸತ್ತದ್ದು ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. ಮ್ಯಾಕ್‌ಬೆತ್ ಆಮೇಲೆ 1057ರವರೆಗೆ ಆಳಿದ. ನಾಟಕಕಾರ ಏನು ಮಾಡಿದ ನೋಡಿ. ಗೆಳೆಯರನ್ನು ತೆಗೆದ. ತಕರಾರನ್ನು ತೆಳುಮಾಡಿದ. ದೊರೆಯನ್ನು ಒಳ್ಳೆಯ ಮುದುಕನನ್ನಾಗಿ ಮಾಡಿ ಮನೆಗೆ ಊಟಕ್ಕೆ ಕರೆಸಿದ. ನಾಟಕ ಬರೆಯುವಾಗ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದ ಒಂದನೇ ಜೇಮ್ಸ್ ತಾನು ಬ್ಯಾಂಕೊನ ವಂಶದವನು ಅನ್ನುತ್ತಿದ್ದ, ಅದಕ್ಕೇ ಬ್ಯಾಂಕೊನನ್ನು ಶುದ್ಧ ಮಾಡಿದ ಅನ್ನುತ್ತಾರೆ. ಇರಲಿ, ಕಾರಣ ಏನಾದರೂ ಆಗಲಿ. ನಾಯಕನಿಗೆ ನೆಪವಾಗಬಹುದಾಗಿದ್ದನ್ನೆಲ್ಲ ಆತ ಕಿತ್ತುಹಾಕಿದ್ದಾನೆ. ನೀವು ಈಗ ಅದನ್ನೆಲ್ಲ ವಾಪಸ್ ತಂದು ತುಂಬುತ್ತಿದ್ದೀರಿ, ಅಲ್ವಾ?

ಮಾಸ್ತರರೇ, ಒಂದು ಸಣ್ಣ ಸಿಟ್ಟು. ನೀವಿರುವುದು ಬೆಟಗೇರಿಯಲ್ಲಿ. ಅಲ್ಲಿಂದ ಗದಗದ ವೀರನಾರಾಯಣ ಗುಡಿ ಎಷ್ಟು ದೂರ? ಕುಮಾರವ್ಯಾಸ ಕೂತು ಬರೆದ ಅಂತ ಜನ ತೋರಿಸುವ ಕಂಬ ಅಲ್ಲೇ ಇದೆ. ಇತ್ತ ಲಕ್ಕುಂಡಿ. ರನ್ನನಿಂದ ಅಜಿತ ಪುರಾಣ ಬರೆಸಿದ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇರುವ ಊರು. ಇಂಥಲ್ಲಿ ಇದ್ದುಕೊಂಡು ದುರ್ಯೋಧನನ ಬಗ್ಗೆ ಬರೆಯುವಾಗ ರನ್ನನನ್ನೂ ಕುಮಾರವ್ಯಾಸನನ್ನೂ ಬಿಟ್ಟು ಒಂದು ಸಂಸ್ಕೃತ ಶ್ಲೋಕದ ಮೊದಲ ಸಾಲು ಹಿಡಿದು ಬಂದಿದ್ದೀರಿ. ಆ ಶ್ಲೋಕವೂ ವ್ಯಾಸಭಾರತದ್ದಲ್ಲ, ಪಾಂಡವಗೀತೆಯದು. ‘ಎದೆಯಲ್ಲಿ ಕೂತ ಯಾವುದೋ ದೇವರು ಹೇಳಿದಂತೆ ಮಾಡುತ್ತೇನೆ’ ಅಂತ ಅದು ಮುಗಿಯುತ್ತದೆ. ಅಲ್ಲೂ ಶಕುನಿಯ ಹೆಸರಿಲ್ಲ.

ರನ್ನನ ಗದಾಯುದ್ಧ ತೆಗೆಯಿರಿ. ದುರ್ಯೋಧನ ರಣರಂಗದಲ್ಲಿ ನಡೆಯುತ್ತಿದ್ದಾನೆ. ಕಿವಿಯೂದುವ ಮಾವ ಜೊತೆಗಿಲ್ಲ, ಇರುವವನು ಸಂಜಯ. ಹೆಣಗಳ ನಡುವೆ ಒಂದೊಂದೇ ಗುರುತು ಹಿಡಿಯುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಮಗ ಲಕ್ಷ್ಮಣಕುಮಾರನ ಮುಂದೆ ನಿಂತು, ಮಗ ಅಪ್ಪನಿಗೆ ಕೊಡಬೇಕಾದ ನೀರನ್ನು ಅಪ್ಪ ಮಗನಿಗೆ ಕೊಡುವ ಹಾಗಾಯಿತಲ್ಲ ಅನ್ನುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಹೊಗಳುತ್ತಾನೆ. ಅಪ್ಪ, ಅವ್ವ, ಸಂಜಯ, ಶರಶಯ್ಯೆಯ ಭೀಷ್ಮ, ಎಲ್ಲರೂ ಹೇಳುವುದು ಒಂದೇ: ಈಗಲಾದರೂ ಸಂಧಿ ಮಾಡಿಕೋ. ಹೊರಗಿನ ಪ್ರಭಾವ ಅಂತ ಏನಾದರೂ ಇದ್ದರೆ ಆ ಹೊತ್ತಿನಲ್ಲಿ ಅದೆಲ್ಲ ಒಳ್ಳೆಯ ಕಡೆಗೇ ಇತ್ತು. ಅವನ ಉತ್ತರ ನಿಮಗೆ ಬಾಯಿಪಾಠ ಇರಬೇಕು: ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ.’ ನೆಲಕ್ಕಲ್ಲ, ಛಲಕ್ಕೆ ಹೊಡೆದಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ನಾನು ಮತ್ತೆ ಬಾಳುವೆ ಮಾಡುತ್ತೇನೆಯೇ ಅಂತ ಕೇಳುತ್ತಾನೆ. ಅವನಿಗಾಗಿ ನಮಗೆ ಅಳು ಬರುವುದು ಇಲ್ಲಿ. ‘ಮಾವ ಕೆಡಿಸಿಬಿಟ್ಟ’ ಅಂತ ಅವನು ಅಂದಿದ್ದರೆ ಯಾರು ಅಳುತ್ತಿದ್ದರು? ಬಿ.ಎಂ. ಶ್ರೀಯವರು ಇದನ್ನು ತೆಗೆದುಕೊಂಡು ದುರಂತ ನಾಟಕ ಮಾಡಿದ್ದು ಸುಮ್ನೆ ಅಲ್ಲ.

ಶಕುನಿಗೂ ಸ್ವಲ್ಪ ನ್ಯಾಯ ಬೇಕು. ವ್ಯಾಸಭಾರತದ ವನಪರ್ವದಲ್ಲಿ ಘೋಷಯಾತ್ರೆಯ ಪ್ರಸಂಗ ಬರುತ್ತದೆ. ಗಂಧರ್ವರು ದುರ್ಯೋಧನನನ್ನು ಸೆರೆಹಿಡಿಯುತ್ತಾರೆ, ಪಾಂಡವರು ಬಿಡಿಸುತ್ತಾರೆ. ಅವಮಾನ ತಾಳದೆ ಅವನು ಉಪವಾಸ ಬಿದ್ದು ಸಾಯಲು ಹೊರಡುತ್ತಾನೆ. ಆಗ ಒಬ್ಬ ಹೇಳುತ್ತಾನೆ: ಅವರು ಮಾಡಿದ ಉಪಕಾರ ನೆನೆ, ಪಾಂಡವರ ರಾಜ್ಯ ಅವರಿಗೆ ಕೊಡು, ಹೆಸರು ಬರುತ್ತದೆ. ಹೇಳಿದವನು ವಿದುರನಲ್ಲ, ಶಕುನಿ! ದಾಳ ಉರುಳಿಸಿದ ಶಕುನಿಯೇ. ದುರ್ಯೋಧನ ಕೇಳಲಿಲ್ಲ. ಮಾವನ ಮಾತು ಜೂಜಿನ ವಿಷಯದಲ್ಲಿ ಮಾತ್ರ ಅವನ ಕಿವಿಗೆ ಬೀಳುತ್ತಿತ್ತು ಅಂತ ಕಾಣುತ್ತದೆ. ನಮ್ಮ ಕಡೆ ಕಂಪನಿ ನಾಟಕಗಳಲ್ಲಿ ಅಪ್ಪನ ಎಲುಬಿನ ದಾಳ, ಸೇಡು ಅಂತೆಲ್ಲ ಸೇರಿಕೊಂಡು ಶಕುನಿಗೆ ಬರುವ ಶಿಳ್ಳೆ ಬೇರೆ ಯಾರಿಗೂ ಬರುವುದಿಲ್ಲ. ಶಿಳ್ಳೆ ನಾನೂ ಹೊಡೆದಿದ್ದೇನೆ. ಆದರೆ ಎಲುಬಿನ ಕಥೆ ವ್ಯಾಸರಲ್ಲಿ ಇಲ್ಲ.

ಗದಗ ಜಿಲ್ಲೆಯ ಒಂದು ಜಾತ್ರೆಯಲ್ಲಿ ದೊಡ್ಡಾಟ ನೋಡಿದ್ದೆ. ಬೆಳಗಿನ ಜಾವ ದುರ್ಯೋಧನನ ಪಾತ್ರಧಾರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕೂತಿದ್ದ. ಒಕ್ಕಲುತನದ ಮನುಷ್ಯ. ನಾನು ನಿಮ್ಮದೇ ಪ್ರಶ್ನೆ ಕೇಳಿದೆ, ಶಕುನಿ ಇಲ್ಲದಿದ್ದರೆ ದುರ್ಯೋಧನ ಒಳ್ಳೆಯವನಾಗುತ್ತಿದ್ದನಾ ಅಂತ. ಆತ ಕನ್ನಡಿಯಿಂದ ಮುಖ ತಿರುಗಿಸಲೂ ಇಲ್ಲ. ‘ಅಲ್ರೀ, ಶಕುನಿ ಇಲ್ಲಂದ್ರ ಅಂವಾ ಇನ್ನೊಬ್ಬನ್ನ ಹುಡುಕತಿದ್ದ. ತನಗ ಬೇಕಾದ್ದ ಹೇಳಾವ ಒಬ್ಬಾಂವ ಬೇಕಾಗಿತ್ತ ಅಂವಗ’ ಅಂದ. ಈ ಮಾತಿನ ಮುಂದೆ ನಾನು ಓದಿದ ವಿಮರ್ಶೆಯೆಲ್ಲ ಸಪ್ಪಗಾಯಿತು.

ಕರ್ಣನ ವಿಷಯದಲ್ಲೂ ನಮ್ಮಲ್ಲಿ ಇದೇ ಚಾಳಿ. ಕುಂತಿ, ಇಂದ್ರ, ಪರಶುರಾಮ, ಭೂಮಿ, ಕೃಷ್ಣ, ಅರ್ಜುನ, ಹೀಗೆ ಆರು ಜನ ಸೇರಿ ಕೊಂದರು ಅಂತ ಲೆಕ್ಕ ಒಪ್ಪಿಸುತ್ತೇವೆ. ಕುಮಾರವ್ಯಾಸನನ್ನು ಕೇಳಿ. ಕೃಷ್ಣ ಏಕಾಂತದಲ್ಲಿ ಕೂಡಿಸಿಕೊಂಡು ಹುಟ್ಟಿನ ಗುಟ್ಟು ಹೇಳಿ, ಇಡೀ ರಾಜ್ಯವನ್ನೇ ಮುಂದಿಡುತ್ತಾನೆ. ಕರ್ಣನಿಗೆ ‘ಕೊರಳ ಸೆರೆ ಹಿಗ್ಗಿದವು’, ಕಣ್ಣೀರು ನುಗ್ಗಿತು. ಆಗ ಅವನು ಅಂದುಕೊಂಡದ್ದು ‘ಕುರುಪತಿಗೆ ಕೇಡಾದುದು’ ಅಂತ. ತನಗೆ ಅಂತಲ್ಲ! ಎಲ್ಲ ಗೊತ್ತಾದ ಮೇಲೂ ಆ ಪಕ್ಷದಲ್ಲೇ ನಿಂತ. ಆರು ಜನ ಕೊಂದ ಕರ್ಣನಿಗೆ ಅಯ್ಯೋ ಅನ್ನಬಹುದು. ಈ ಕರ್ಣನಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ನನ್ನ ಹಳೆಯ ಕಿರಿಕಿರಿಗೆ ಬರುತ್ತೇನೆ. ಗೈಡುಗಳಲ್ಲಿ ‘ನಾಯಕನ ಪತನಕ್ಕೆ ಕಾರಣಗಳು’ ಅಂತ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಮಾಟಗಾತಿಯರು, ಹೆಂಡತಿ, ವಿಧಿ, ಸಂದರ್ಭ. ಕೊನೆಗೆ ಜಾಗ ಉಳಿದರೆ ‘ಸ್ವಂತ ದೌರ್ಬಲ್ಯ’. ಹುಡುಗರು ಇದನ್ನು ಉರುಹೊಡೆದು ಪಾಸಾಗುತ್ತಾರೆ, ದೊಡ್ಡವರಾದ ಮೇಲೂ ಅದೇ ಕ್ರಮದಲ್ಲಿ ಯೋಚಿಸುತ್ತಾರೆ. ಮುಖಂಡರು ಹಗರಣದಲ್ಲಿ ಸಿಕ್ಕಿಬಿದ್ದರೆ ‘ಸಾಹೇಬರು ಒಳ್ಳೆಯವರು, ಸುತ್ತ ಇದ್ದವರು ಸರಿ ಇಲ್ಲ’. ಸುತ್ತ ಇದ್ದವರನ್ನು ಆರಿಸಿಕೊಂಡವರು ಯಾರು ಅಂತ ಯಾರೂ ಕೇಳುವುದಿಲ್ಲ. ಮಗ ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಸಾಲ ಮಾಡಿಕೊಂಡರೆ ‘ನಮ್ಮ ಹುಡುಗ ಬಂಗಾರ, ಗೆಳೆಯರು ಕೆಡಿಸಿದರು’. ಓಣಿಯ ಹತ್ತು ಮನೆಯವರೂ ಹೇಳುವುದು ಇದನ್ನೇ. ಹಾಗಾದರೆ ಎಲ್ಲರನ್ನೂ ಕೆಡಿಸಿದ ಆ ಹನ್ನೊಂದನೇ ಹುಡುಗ ಯಾರ ಮನೆಯವನು?

ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಹೆಂಗಸರ ಪಾಡು ನೋಡಿ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುತ್ತಾರೆ. ತಲಾಠಿ ಹತ್ತಿರ ಓಡಾಡುವವರು ಗಂಡಸರು, ಸಹಿ ಮಾಡುವವರು ಗಂಡಸರು, ಬದುವಿನ ಮೇಲೆ ನಿಂತು ಹೊಡೆದಾಡುವವರೂ ಅವರೇ. ಊರು ಬೈಯುವುದು ಮಾತ್ರ ಸೊಸೆಯನ್ನು. ‘ಹೆಂಡತಿ ಮಾತು ಕೇಳಿ ಮನೆ ಒಡೆದ.’ ಹೆಂಡತಿ ಎಷ್ಟೋ ಮಾತು ಹೇಳಿರುತ್ತಾಳೆ. ಕುಡಿಯಬೇಡ ಅಂದಿರುತ್ತಾಳೆ, ಮಗಳನ್ನು ಕಾಲೇಜಿಗೆ ಕಳಿಸು ಅಂದಿರುತ್ತಾಳೆ. ಅದೊಂದನ್ನೂ ಕೇಳದ ಗಂಡ ಹೊಲದ ಮಾತು ಮಾತ್ರ ಹೇಗೆ ಕೇಳಿದ?

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆಯೂ ಬಂತು. ಲೇಡಿ ಮ್ಯಾಕ್‌ಬೆತ್‌ಗೆ ಪಾಲಿಲ್ಲವೇ? ಇದೆ, ಅವಳ ಪಾಲು ಅವಳದು. ಆದರೆ ಗಂಡನ ಪಾಲನ್ನೂ ಅವಳ ತಲೆಗೆ ಕಟ್ಟಬೇಡಿ. ಅವಳು ಅದನ್ನು ಹೊತ್ತ ರೀತಿ ನೋಡಿ. ನಿದ್ದೆಯಲ್ಲಿ ನಡೆಯುತ್ತಾ, ತೊಳೆದರೂ ಹೋಗದ ಕೈ ತೊಳೆಯುತ್ತಾಳೆ. ಆ ಮುದುಕನ ಮೈಯಲ್ಲಿ ಇಷ್ಟೊಂದು ರಕ್ತ ಇದ್ದೀತೆಂದು ಯಾರಿಗೆ ಗೊತ್ತಿತ್ತು ಅಂತ ಬಡಬಡಿಸುತ್ತಾಳೆ. ಆ ಕನವರಿಕೆಯಲ್ಲೂ ‘ಮಾಟಗಾತಿಯರು ಮಾಡಿಸಿದರು’ ಅನ್ನುವುದಿಲ್ಲ.

ಗ್ರೀಕರ ಈಡಿಪಸ್‌ನನ್ನು ನೀವು ಹಿಡಿದಿದ್ದರೆ ನನಗೆ ಕಷ್ಟವಾಗುತ್ತಿತ್ತು. ಅಪ್ಪನನ್ನು ಕೊಂದು ಅವ್ವನನ್ನೇ ಮದುವೆಯಾಗುತ್ತಾನೆ ಅಂತ ಅವನು ಹುಟ್ಟುವ ಮೊದಲೇ ಹಣೆಬರಹ ಬರೆದಾಗಿತ್ತು. ತಪ್ಪಿಸಿಕೊಳ್ಳಲು ಓಡಿದ ದಾರಿಯೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿತು. ಮುದುಕನಾದ ಮೇಲೆ, ಸೊಫೊಕ್ಲಿಸ್‌ನ ಇನ್ನೊಂದು ನಾಟಕದಲ್ಲಿ, ಇದು ನಾನು ಮಾಡಿದ್ದಕ್ಕಿಂತ ನನ್ನ ಮೇಲೆ ಬಂದದ್ದೇ ಹೆಚ್ಚು ಅಂತ ವಾದವನ್ನೂ ಮಾಡುತ್ತಾನೆ. ನಿಮಗೆ ಬೇಕಾದ ಸಾಕ್ಷಿ ಅದು. ಆದರೆ ಮೊದಲ ನಾಟಕದಲ್ಲಿ, ಕಣ್ಣು ಚುಚ್ಚಿಕೊಂಡು ಹೊರಗೆ ಬಂದಾಗ, ಈ ಕೇಡು ತಂದವನು ಅಪೊಲೊ, ಕಣ್ಣಿಗೆ ಇರಿದ ಕೈ ಮಾತ್ರ ನನ್ನದು, ಬೇರೆ ಯಾರದೂ ಅಲ್ಲ ಅನ್ನುತ್ತಾನೆ. ಎಲ್ಲವನ್ನೂ ದೇವರ ಮೇಲೆ ಹಾಕಬಹುದಾಗಿದ್ದವನೇ ಅಷ್ಟನ್ನು ತನಗಾಗಿ ಉಳಿಸಿಕೊಂಡ.

ನೀವು ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಹಾಗಾದರೆ ಶಕುನಿಯ ಪರವೋ ವಿರುದ್ಧವೋ ಒಂದು ಲೇಖನವನ್ನೇ ಬರೆದು ಕಳಿಸಿ. ವನಪರ್ವದ ಆ ಮಾತಿಗೆ ಅದರಲ್ಲಿ ಉತ್ತರ ಇರಬೇಕು, ಅದಿಲ್ಲದೆ ಅಚ್ಚು ಹಾಕುವುದಿಲ್ಲ. ಇನ್ನೊಂದು ವಿನಂತಿ, ಹಾಳೆಯ ಒಂದೇ ಬದಿಗೆ ಬರೆಯಿರಿ. ನಮ್ಮ ಡಿಟಿಪಿ ಹುಡುಗಿ ನಿಮ್ಮ ಪತ್ರ ಟೈಪ್ ಮಾಡಲು ಬಹಳ ಒದ್ದಾಡಿದಳು.