ಸಲಿಂಗಿಗಳ ಪ್ರೇಮಕಥೆ ಬರೆಯಲು ಎಷ್ಟು ಜನರ ಒಪ್ಪಿಗೆ ಬೇಕು?

ಸಲಿಂಗಿಯಲ್ಲದ ನಿಮಗೆ ಇಬ್ಬರು ಗಂಡಸರ ಪ್ರೇಮದ ಕಾದಂಬರಿ ಬರೆಯುವ ಹಕ್ಕಿದೆಯೇ, ಪಾತ್ರಗಳು ನೈಜವಾಗಿವೆ ಎಂದು ಎಷ್ಟು ಜನರಿಂದ ಹೇಳಿಸಿದರೆ ಸಾಕು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು 3 ವರ್ಷ ಬರೆದೆ; 22 ಅಧ್ಯಾಯಗಳಲ್ಲಿ 14ನ್ನು ಕೊನೆಗೆ ಎಸೆಯಬೇಕಾಯಿತು.

ತಯಾರಿಯಲ್ಲಿ ಕೊರತೆಯಿರಲಿಲ್ಲ. ಕಾನೂನು ಓದಿದ್ದೆ, ಆತ್ಮಕಥನಗಳನ್ನು ಓದಿದ್ದೆ, ಪದಬಳಕೆಯಿಂದ ಯಾರಿಗೂ ನೋವಾಗದಂತೆ ಎಚ್ಚರ ವಹಿಸಿದ್ದೆ. ಮುಗಿದ ಹಸ್ತಪ್ರತಿಯನ್ನು ಸಲಿಂಗಿಯಾದ ಗೆಳೆಯನೊಬ್ಬನ ಕೈಗಿತ್ತಾಗ, ನಿಜ ಹೇಳಬೇಕೆಂದರೆ, ಅವನು ಬೆನ್ನು ತಟ್ಟಲೆಂದೇ ಕಾಯುತ್ತಿದ್ದೆ. ಏಳನೆಯ ಅಧ್ಯಾಯದಲ್ಲಿ ನಾಯಕರಿಬ್ಬರೂ ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುತ್ತಾರೆ. ಚಿಲಕ ಹಾಕಿದ ಮೇಲೂ ಸಮಾಜದ ಕ್ರೌರ್ಯ, ಘನತೆಯ ಬದುಕು ಎಂದೆಲ್ಲ ಎರಡೂವರೆ ಪುಟ ಮಾತನಾಡುತ್ತಾರೆ. ಅಲ್ಲಿ ಪುಟದ ಅಂಚಿನಲ್ಲಿ ಅವನು ಪೆನ್ಸಿಲಿನಿಂದ ಬರೆದಿದ್ದ: "ಬಾಗಿಲು ಹಾಕಿಯಾಯಿತಲ್ಲ, ಇನ್ನು ಯಾರಿಗೆ ಭಾಷಣ?"

ಭಾಷಣ ನನ್ನಂಥ ಓದುಗರಿಗಾಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬರೆಯುವಾಗ ಇದು ತಪ್ಪಿನಂತೆ ತೋರುವುದೇ ಇಲ್ಲ, ಸಜ್ಜನಿಕೆಯಂತೆ ತೋರುತ್ತದೆ. ನನ್ನ ಪಾತ್ರಗಳು ಒಬ್ಬರನ್ನೊಬ್ಬರು ನೋಡುತ್ತಲೇ ಇರಲಿಲ್ಲ. ಇಬ್ಬರೂ ಪುಟದಾಚೆ ಕುಳಿತ ಯಾವನೋ ಅನುಮಾನದ ಮನುಷ್ಯನ ಕಡೆ ತಿರುಗಿಕೊಂಡು ತಾವು ಒಳ್ಳೆಯವರೆಂದು ಸಾಬೀತುಪಡಿಸುತ್ತಿದ್ದರು. ಹಾಗಾಗಿಯೇ ಅವರಿಗೆ ಅಸೂಯೆಯಿರಲಿಲ್ಲ, ಜಿಪುಣತನವಿರಲಿಲ್ಲ, ಒಂದು ಕೆಟ್ಟ ಹಾಸ್ಯ ಮಾಡುವಷ್ಟು ಸಲಿಗೆಯೂ ಇರಲಿಲ್ಲ. "ಇವರಿಗೆ ಸನ್ಮಾನ ಮಾಡಬಹುದು, ಇವರನ್ನು ಪ್ರೀತಿಸುವುದು ಕಷ್ಟ" ಎಂದು ಗೆಳೆಯ ನಕ್ಕ. ಕೊನೆಯಲ್ಲಿ ಒಬ್ಬನನ್ನು ಸಾಯಿಸಿದ್ದೂ ಆ ಅನುಮಾನದ ಮನುಷ್ಯನ ಕಣ್ಣೀರಿಗಾಗಿಯೇ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ 1913–14ರಲ್ಲಿ ಇಬ್ಬರು ಗಂಡಸರ ಪ್ರೇಮದ ಕಾದಂಬರಿ 'ಮಾರಿಸ್' ಬರೆದಾಗ ಗಂಡಸರ ನಡುವಿನ ಇಂಥ ಸಂಬಂಧ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ಆದರೂ ಅವರು ಪ್ರೇಮಿಗಳನ್ನು ಒಂದುಗೂಡಿಸಿಯೇ ಕಥೆ ಮುಗಿಸಿದರು, ಪುಸ್ತಕ ಅವರು ತೀರಿಕೊಂಡ ಮೇಲೆ 1971ರಲ್ಲಿ ಹೊರಬಂತು. ಅಂಥ ಯಾವ ಅಪಾಯವೂ ಇಲ್ಲದ ನಾನು ಸಾವನ್ನು ಆರಿಸಿಕೊಂಡಿದ್ದೆ.

ಹಕ್ಕಿನ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ಅಮೆರಿಕದ ಲೇಖಕಿ ಬೆಕಿ ಆಲ್ಬರ್ಟಾಲಿ 2015ರಲ್ಲಿ ಸಲಿಂಗಿ ಹುಡುಗನೊಬ್ಬನ ಕಾದಂಬರಿ ಪ್ರಕಟಿಸಿದ ಮೇಲೆ, ಹೊರಗಿನವರು ಬರೆದದ್ದೆಂಬ ಟೀಕೆ ಅವರನ್ನು ವರ್ಷಗಟ್ಟಲೆ ಬೆನ್ನಟ್ಟಿತು. ಆ ಒತ್ತಡದಲ್ಲಿ 2020ರಲ್ಲಿ ಅವರು ತಾವು ಬೈಸೆಕ್ಶುಯಲ್, ಅಂದರೆ ಗಂಡು ಹೆಣ್ಣು ಇಬ್ಬರತ್ತಲೂ ಆಕರ್ಷಿತರಾಗುವವರು, ಎಂದು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಇಂಥ ಜಾಲಾಟದಿಂದ ಯಾವ ಪಾತ್ರಕ್ಕೆ ಜೀವ ಬಂದೀತು?

ಒಪ್ಪಿಗೆಯ ತಲೆಯೆಣಿಕೆಯೂ ಬೇಡ. ಆ ಬದುಕನ್ನು ಬಲ್ಲ ಒಬ್ಬರೇ ಒಬ್ಬರಿಗೆ, ಅವರ ಶ್ರಮಕ್ಕೆ ತಕ್ಕ ಹಣ ಕೊಟ್ಟು, ಅರ್ಧ ಬರೆದಿರುವಾಗಲೇ ಕರಡನ್ನು ತೋರಿಸಿ. ನಾನು ಮುಗಿಸಿದ ಮೇಲೆ ತೋರಿಸಿದ್ದರಿಂದ, ಆ ಪೆನ್ಸಿಲ್ ಗುರುತುಗಳನ್ನು ಮತ್ತೆ ತೆರೆದು ನೋಡುವ ಧೈರ್ಯ ಬರುವುದಕ್ಕೇ 8 ತಿಂಗಳು ಹಿಡಿಯಿತು.

ಏಳನೆಯ ಅಧ್ಯಾಯದಲ್ಲಿ ಈಗ ಅವರಿಬ್ಬರೂ ದೀಪ ಆರಿಸುವ ವಿಚಾರಕ್ಕೆ ಜಗಳವಾಡುತ್ತಾರೆ. ಒಬ್ಬನಿಗೆ ಕತ್ತಲೆಂದರೆ ಭಯ. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಒಂದೂವರೆ ಪುಟ ಬೇಕಾಗುತ್ತದೆ.